ಸೈಕಲ್‌ಗೆ ಗೆಡ್ಡೆ ಹೊರುವ ಬುಟ್ಟಿ: ಭಾರ ಕೆಳಗಿರಲಿ

ಉಳವಿ, ಜೋಯಿಡಾ ಕಡೆ ಗೆಡ್ಡೆ-ಗೆಣಸು ಬೆಳೆಯುವವರಿಗೆ ತೋಟದಿಂದ ಬಸ್ ನಿಲ್ಲುವ ಜಾಗದವರೆಗೆ ಏರಿಳಿತದ ಕಾಡುದಾರಿ. ಸೈಕಲ್ ಇದ್ರೆ ಕೆಲಸ ಸಲೀಸು. ಆದ್ರೆ ಚೀಲವನ್ನು ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದ್ರೆ ತಿರುವಿನಲ್ಲಿ ಸೈಕಲ್ ವಾಲುತ್ತೆ. ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹಿಡಿತಕ್ಕೆ ಸಿಗಲ್ಲ. ಅದಕ್ಕೇ ಹಿಂದಿನ ಚಕ್ರದ ಎರಡೂ ಪಕ್ಕ ತಗ್ಗಿನಲ್ಲಿ ಕೂರುವ ಕಬ್ಬಿಣದ ಬುಟ್ಟಿ ಮಾಡಿಸಿಕೊಳ್ಳಿ.

ಸರಳು: 8 ಎಂಎಂ ಸಾಕು. ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತೆ. 10 ಎಂಎಂ ಆದ್ರೆ 600 ಗ್ರಾಂ ದಾಟುತ್ತೆ. 8 ಮೀಟರ್ ಸರಳು ಹಿಡಿದ್ರೆ ಒಂದೂಮುಕ್ಕಾಲು ಕಿಲೋ ಸುಮ್ಮನೆ ಹೊರಬೇಕು.

ಕಾಲುಗಳು: ಕೆಳತುದಿ ಹಿಂದಿನ ಆಕ್ಸಲ್‌ಗೇ ಕೂರಲಿ, ಭಾರ ಅಲ್ಲೇ ಇಳಿಯಬೇಕು. ನಟ್ ಪೂರ್ತಿ ಕೂರುವಷ್ಟು ಥ್ರೆಡ್ ಉಳಿದಿದೆಯಾ ನೋಡಿ. ಸೀಟಿನ ಕೆಳಗಿನ ಕ್ಲಾಂಪ್ ಬುಟ್ಟಿ ಅಲುಗಾಡದಂತೆ ಹಿಡಿಯೋಕೆ ಮಾತ್ರ. ಸೈಕಲ್ ಫ್ರೇಮಿಗೆ ವೆಲ್ಡಿಂಗ್ ಮಾಡಿಸಬೇಡಿ, ತೆಳುವಾದ ಪೈಪ್ ಸುಟ್ಟು ತೂತಾಗುತ್ತೆ.

ಜಾಗ: ಪೆಡಲ್ ತುಳಿಯುವಾಗ ಹಿಮ್ಮಡಿ ತಾಗದಷ್ಟು ಹಿಂದಕ್ಕಿರಲಿ. ಅದಕ್ಕಿಂತ ಹಿಂದೆ ಬೇಡ.

ಜಾಲರಿ: ಜಿಐ ಜಾಲರಿಯನ್ನು ತಂತಿಯಿಂದ ಕಟ್ಟಿ. ವೆಲ್ಡಿಂಗ್ ಮಾಡಿದ್ರೆ ಏಳುವ ಸತುವಿನ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತೆ.

ಬಣ್ಣ: ಮಳೆಗಾಲಕ್ಕೆ ಮುಂಚೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಪೇಂಟ್ ಹೊಡೆಯಿರಿ.

ಮೊದಲ ದಿನ ಎರಡೂ ಕಡೆ ಐದೈದು ಕಿಲೋ ಸಮ ಹಾಕಿ, ಸಣ್ಣ ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷಿಸಿ. ಆಮೇಲೆ ನಟ್ ಮತ್ತೊಮ್ಮೆ ಬಿಗಿ ಮಾಡಿ. ರಿಮ್ ಒದ್ದೆಯಾದ್ರೆ ಬ್ರೇಕ್ ತಡವಾಗಿ ಹಿಡಿಯುತ್ತೆ. ಮಳೆಯಲ್ಲಿ ಕಡಿದಾದ ಇಳಿಜಾರು ಬಂದ್ರೆ ಇಳಿದು ತಳ್ಳಿಕೊಂಡೇ ಹೋಗಿ.