ಒಂದು ಕುದುರೆಗೆ ಗ್ಲ್ಯಾಂಡರ್ಸ್ ಬಂದರೆ ಏರಿಯಾದ ಕುದುರೆಗಳನ್ನೆಲ್ಲ ಸಾಯಿಸುತ್ತಾರಾ?

ಎಲ್ಲಾದರೂ ಕುದುರೆ ರೋಗದ ಸುದ್ದಿ ಬಂದರೆ ಸಾಕು, ಫೋನಿನಿಂದ ಫೋನಿಗೆ ಎರಡು ಮಾತು ಓಡಾಡಲು ಶುರುವಾಗುತ್ತವೆ. ಒಂದು, "ಸರ್ಕಾರದವರು ಎಲ್ಲ ಕುದುರೆಗಳನ್ನೂ ಸಾಯಿಸ್ತಾರೆ, ಬೇಗ ಬೇರೆ ಊರಿಗೆ ಸಾಗಿಸಿ." ಇನ್ನೊಂದು, "ಕುದುರೆ ಹತ್ತಿರ ಹೋದರೆ ಮನುಷ್ಯರಿಗೂ ಬರುತ್ತೆ, ಮದುವೆಗೆ ಕುದುರೆ ಕರೆಸಬೇಡಿ." ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ನಿಜ ಸ್ವಲ್ಪವೇ ಇದೆ. ಆದರೆ ಹೆಚ್ಚು ಹಾನಿ ಮಾಡುವುದು ಮೊದಲನೆಯದೇ.

2025ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಕುದುರೆಗೆ ಗ್ಲ್ಯಾಂಡರ್ಸ್ ದೃಢಪಟ್ಟಾಗ ಸುತ್ತಲಿನ ಪ್ರದೇಶದಲ್ಲಿ ಕುದುರೆ, ಕತ್ತೆ, ಹೇಸರಗತ್ತೆಗಳ ಓಡಾಟಕ್ಕೆ ಸರ್ಕಾರ ತಡೆ ಹಾಕಿತು. ದಿನದ ದುಡಿಮೆಯಲ್ಲೇ ಬದುಕುವವರಿಗೆ ಇದು ಸಣ್ಣ ಪೆಟ್ಟಲ್ಲ. ಮದುವೆ ಮೆರವಣಿಗೆಗೆ, ಜಟಕಾಕ್ಕೆ, ಸವಾರಿಗೆ ಕುದುರೆ ಕೊಡುವವರಿಗೆ ಬಾಡಿಗೆ ನಿಂತರೂ ಹುರುಳಿ, ಹುಲ್ಲಿನ ಖರ್ಚು ನಿಲ್ಲುವುದಿಲ್ಲ. ಹಾಗಾಗಿ "ಯಾಕೆ ಇಷ್ಟು ಕಟ್ಟುನಿಟ್ಟು?" ಎಂದು ಅವರು ಕೇಳುವುದು ನ್ಯಾಯವೇ.

ಗ್ಲ್ಯಾಂಡರ್ಸ್ ಬರುವುದು ಬರ್ಕೋಲ್ಡೇರಿಯಾ ಮಲೈ ಎಂಬ ಬ್ಯಾಕ್ಟೀರಿಯಾದಿಂದ. ಮೂಗಿನಿಂದ ದಪ್ಪ ಸಿಂಬಳ, ಮೂಗಿನೊಳಗೆ ಹುಣ್ಣು, ಜ್ವರ, ಕೆಮ್ಮು, ಕಾಲು ಮತ್ತು ಹೊಟ್ಟೆಯ ಚರ್ಮದ ಮೇಲೆ ಸಾಲಾಗಿ ಎದ್ದು ಒಡೆಯುವ ಗಂಟುಗಳು ಇದರ ಲಕ್ಷಣ. ಕತ್ತೆ, ಹೇಸರಗತ್ತೆಗಳಲ್ಲಿ ರೋಗ ಜೋರಾಗಿ ಬಂದು ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಹುದು. ಕುದುರೆಯಲ್ಲಿ ಹಾಗಲ್ಲ. ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಕುದುರೆ ಮೇವು ತಿನ್ನುತ್ತದೆ, ಗಾಡಿ ಎಳೆಯುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಅದು ಬಾಯಿ ಹಾಕಿದ ನೀರಿನ ತೊಟ್ಟಿ, ಮೇವಿನ ಚೀಲ, ಕಚ್ಚಿದ ಲಗಾಮು ಇವುಗಳಿಂದ ಪಕ್ಕದ ಕುದುರೆಗೆ ರೋಗ ದಾಟುತ್ತದೆ.

"ನನ್ನ ಕುದುರೆ ಚೆನ್ನಾಗೇ ಇದೆ, ಆಚೆ ಊರಿಗೆ ಕಳಿಸಿದರೆ ಏನು ತಪ್ಪು?" ಎಂಬ ಪ್ರಶ್ನೆಗೆ ಉತ್ತರ ಇದೇ. ರಾತ್ರೋರಾತ್ರಿ ಟೆಂಪೋ ಹತ್ತಿಸಿ ಕಳಿಸಿದ ಕುದುರೆಯ ಮೈಯಲ್ಲಿ ರೋಗಾಣು ಇದ್ದರೆ, ಅಲ್ಲಿ ಅದನ್ನು ಕಟ್ಟಿಸಿಕೊಂಡ ನಿಮ್ಮ ಸಂಬಂಧಿಕರ ಲಾಯಕ್ಕೂ ರೋಗ ಹೋಯಿತು. ಸರ್ಕಾರದ ತಡೆಯೂ ಅದರ ಹಿಂದೆಯೇ ಹೋಗುತ್ತದೆ.

ಹಾಗಾದರೆ ಸಾಯಿಸುವುದು ಯಾವುದನ್ನು? ಪರೀಕ್ಷೆಯಲ್ಲಿ ರೋಗ ದೃಢಪಟ್ಟ ಪ್ರಾಣಿಯನ್ನು ಮಾತ್ರ. ಪಶುವೈದ್ಯರು ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಎಲೈಸಾ ಪರೀಕ್ಷೆಯಲ್ಲಿ ಅನುಮಾನ ಬಂದರೆ ಸಿಎಫ್‌ಟಿ ಎಂಬ ಇನ್ನೊಂದು ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ದೇಶದಲ್ಲಿ ಇದಕ್ಕೆ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಪರೀಕ್ಷೆಯಲ್ಲಿ ಏನೂ ಬಾರದ ಪಕ್ಕದ ಕುದುರೆಯನ್ನು ಸಾಯಿಸುವುದಿಲ್ಲ. ಅದನ್ನು ಬೇರೆ ಕಟ್ಟಿ, ಕೆಲವು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡುತ್ತಾರೆ.

"ಇಂಜೆಕ್ಷನ್ ಕೊಟ್ಟರೆ ವಾಸಿಯಾಗಲ್ವಾ?" ಎಂದು ಕೇಳುವವರಿದ್ದಾರೆ. ಆ್ಯಂಟಿಬಯೋಟಿಕ್ ಕೊಟ್ಟರೆ ಹುಣ್ಣು ಮಾಯಬಹುದು, ಆದರೆ ರೋಗಾಣು ಒಳಗೇ ಉಳಿದು ಹರಡುತ್ತಲೇ ಇರಬಹುದು. ಅದಕ್ಕೇ ರೋಗ ಬಂದ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ. ಲಸಿಕೆಯೂ ಇಲ್ಲ. ಬೇವಿನ ಹೊಗೆ, ಅರಿಶಿನದ ಲೇಪದಿಂದ ಇದು ಹೋಗುವುದಿಲ್ಲ.

ಈ ಕಾನೂನು ಈಗಿನವರು ಹೊಸದಾಗಿ ತಂದದ್ದೂ ಅಲ್ಲ. ಸೈನ್ಯ, ಸಾರಿಗೆ ಎಲ್ಲ ಕುದುರೆಯ ಮೇಲೇ ನಿಂತಿದ್ದ ಬ್ರಿಟಿಷರ ಕಾಲದಲ್ಲಿ, 1899ರಲ್ಲೇ, ಗ್ಲ್ಯಾಂಡರ್ಸ್‌ಗೆಂದು ಪ್ರತ್ಯೇಕ ಕಾಯ್ದೆ ಇತ್ತು. ಈಗ ಅದರ ಜಾಗದಲ್ಲಿರುವುದು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕುರಿತ 2009ರ ಕೇಂದ್ರ ಕಾಯ್ದೆ. ಅದರ ಪ್ರಕಾರ ರೋಗದ ಅನುಮಾನ ಬಂದರೆ ತಿಳಿಸುವುದು ಮಾಲೀಕರ ಕರ್ತವ್ಯ. ಫಾರ್ವರ್ಡ್‌ಗಳಲ್ಲಿ "25 ಕಿಲೋಮೀಟರ್ ಬಂದ್" ಎಂದು ಕಂಡರೆ ಅದು ಹಳೆಯ ಲೆಕ್ಕ. ಮೊದಲು ಸೋಂಕಿನ ವಲಯ 5 ಕಿ.ಮೀ., ಅದರಾಚೆ 25 ಕಿ.ಮೀ.ವರೆಗೆ ನಿಗಾ ವಲಯ ಇತ್ತು. 2025ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಕ್ರಿಯಾ ಯೋಜನೆ ಇದನ್ನು 2 ಮತ್ತು 10 ಕಿ.ಮೀ.ಗೆ ಇಳಿಸಿದೆ.

ಇನ್ನು ಪರಿಹಾರ. ಸಾಯಿಸಿದ ಕುದುರೆಗೆ 25,000 ರೂಪಾಯಿ, ಕತ್ತೆ ಅಥವಾ ಹೇಸರಗತ್ತೆಗೆ 16,000 ರೂಪಾಯಿ ಎಂದು ಕೇಂದ್ರದ ಯೋಜನೆಯಲ್ಲಿ ನಿಗದಿಯಾಗಿತ್ತು. ಮೆರವಣಿಗೆಗೆ ಪಳಗಿಸಿದ ಒಳ್ಳೆಯ ಕುದುರೆಯ ಬೆಲೆ ಗೊತ್ತಿರುವವರಿಗೆ ಇದು ಎಷ್ಟು ಕಡಿಮೆ ಎಂದು ಹೇಳಬೇಕಾಗಿಲ್ಲ. ಜನ ಕುದುರೆ ಬಚ್ಚಿಡುವುದಕ್ಕೆ ಅಜ್ಞಾನವೊಂದೇ ಕಾರಣ ಅನ್ನುವುದು ಸರಿಯಲ್ಲ. ಕೊಡುವ ಹಣ ಕಡಿಮೆಯಾಗಿ, ಅದೂ ತಡವಾಗಿ ಬಂದರೆ ಯಾರು ತಾನಾಗಿ ಮುಂದೆ ಬಂದು ಹೇಳುತ್ತಾರೆ? ಹಾಗಂತ ಸಿಗುವುದನ್ನು ಬಿಡಬೇಡಿ. ಪರೀಕ್ಷಾ ವರದಿಯ ಪ್ರತಿ ಮತ್ತು ಆದೇಶವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕುದುರೆಯ ಫೋಟೋ, ಕೊಂಡ ಕಾಗದ ಇದ್ದರೆ ಜೋಪಾನ ಮಾಡಿ. ಕದ್ದು ಮಾರಿದ ಕುದುರೆಗೆ ಪರಿಹಾರ ಕೇಳುವ ದಾರಿಯೇ ಇರುವುದಿಲ್ಲ.

ಮನುಷ್ಯರಿಗೆ ಬರುತ್ತದೆಯೇ? ಬರಬಹುದು, ಆದರೆ ತೀರಾ ಅಪರೂಪ. ಅಪಾಯ ಇರುವುದು ರೋಗಪೀಡಿತ ಕುದುರೆಯ ಮೈತೊಳೆಯುವವರಿಗೆ, ಲಾಳ ಕಟ್ಟುವವರಿಗೆ, ಪಶುವೈದ್ಯರಿಗೆ, ಲ್ಯಾಬಿನವರಿಗೆ. ಅಮೆರಿಕದಲ್ಲಿ 1945ರ ನಂತರ ಮೊದಲ ಬಾರಿಗೆ 2000ನೇ ಇಸವಿಯಲ್ಲಿ ಒಬ್ಬರಿಗೆ ಇದು ಬಂತು. ಅವರು ಈ ಬ್ಯಾಕ್ಟೀರಿಯಾದ ಮೇಲೆಯೇ ಕೆಲಸ ಮಾಡುತ್ತಿದ್ದ ಸಂಶೋಧಕರು, ಚಿಕಿತ್ಸೆಯಿಂದ ಗುಣವಾದರು. ಮೆರವಣಿಗೆ ನೋಡುತ್ತಾ ದೂರ ನಿಂತವರು ಹೆದರಬೇಕಿಲ್ಲ. ಕುದುರೆ ಸಾಕುವವರಿಗೆ ಮಾತ್ರ ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಬೇಕು. ಮಾಯದ ಹುಣ್ಣು, ಬಿಡದ ಜ್ವರ ಬಂದರೆ ಡಾಕ್ಟರ ಹತ್ತಿರ "ಕುದುರೆ ಸಾಕ್ತೀನಿ" ಎಂದು ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಗೊಂದಲ. 2025ರ ಮೇ ತಿಂಗಳಲ್ಲಿ ಕೇದಾರನಾಥದ ದಾರಿಯಲ್ಲಿ ಕುದುರೆ, ಹೇಸರಗತ್ತೆಗಳ ಓಡಾಟ ನಿಲ್ಲಿಸಿದ್ದರು. ಅಲ್ಲಿ ಕಾಣಿಸಿದ್ದು ಕುದುರೆಗಳ ಫ್ಲೂ. ಅದು ವೈರಸ್, ಬೇರೆಯೇ ರೋಗ. ಆರೈಕೆ, ವಿಶ್ರಾಂತಿ ಸಿಕ್ಕರೆ ಹೆಚ್ಚಿನ ಕುದುರೆಗಳು ಚೇತರಿಸಿಕೊಳ್ಳುತ್ತವೆ. ಆ ವಿಡಿಯೋಗಳನ್ನು ಗ್ಲ್ಯಾಂಡರ್ಸ್ ಎಂದು ಹಂಚಬೇಡಿ.

ತಡೆ ಇರುವಷ್ಟು ದಿನ ಪ್ರತಿ ಕುದುರೆಗೂ ಬೇರೆ ಬಕೆಟ್, ಬೇರೆ ಲಗಾಮು ಇಡಿ. ಹೊಸ ಕುದುರೆ ತರಬೇಡಿ. ಈ ರೋಗಾಣು ಬಿಸಿಲಿಗೆ, ಬ್ಲೀಚಿಂಗ್ ದ್ರಾವಣಕ್ಕೆ ಸಾಯುತ್ತದೆ, ಕತ್ತಲಾದ ಒದ್ದೆ ಲಾಯದಲ್ಲಿ ವಾರಗಟ್ಟಲೆ ಬದುಕುತ್ತದೆ. ಹಾಗಾಗಿ ಲಾಯ ತೊಳೆದು ಒಣಗಿಸಿ. ಮೂಗಿನಲ್ಲಿ ಸಿಂಬಳ, ಚರ್ಮದಲ್ಲಿ ಗಂಟು ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಕುದುರೆಯನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋಗಬೇಡಿ, ಇದ್ದಲ್ಲಿಗೇ ವೈದ್ಯರನ್ನು ಕರೆಸಿ.