ಮೋಟಾರು ಕಾರಿನ ಬ್ಯಾಟರಿ: ಗೃಹಸ್ಥರು ತಿಳಿದಿರತಕ್ಕ ಕೆಲವು ಸಂಗತಿಗಳು

ಮನೆಯ ದೀಪವು ಆರಿದರೆ ಹೊತ್ತಿಸಿಕೊಳ್ಳುವುದನ್ನೂ, ಬಾವಿಯ ಹಗ್ಗವು ಹರಿದರೆ ಗಂಟು ಹಾಕಿಕೊಳ್ಳುವುದನ್ನೂ ನಮ್ಮ ಹಿರಿಯರು ಪರರ ಸಹಾಯವಿಲ್ಲದೆ ಮಾಡಿಕೊಳ್ಳುತ್ತಿದ್ದರು. ಗೃಹಸ್ಥನಾದವನು ತನ್ನ ಮನೆಯ ನಿತ್ಯೋಪಯೋಗದ ವಸ್ತುಗಳ ಸ್ವಭಾವವನ್ನು ಅಷ್ಟಿಷ್ಟಾದರೂ ಅರಿತಿರಬೇಕೆಂಬುದು ಅವರ ಮತ. ಈಗ ಮಧ್ಯಮಸ್ಥಿತಿಯ ಅನೇಕ ಮನೆಗಳ ಮುಂದೆಯೂ ಮೋಟಾರು ಕಾರೊಂದು ನಿಂತಿರುತ್ತದೆ. ಆದರೆ ಅದು ಒಂದು ದಿನ ಕೀಲಿಕೈ ತಿರುಗಿಸಿದರೂ 'ಟಿಕ್ ಟಿಕ್' ಎಂದು ಕ್ಷೀಣವಾಗಿ ಸದ್ದುಮಾಡಿ ಸುಮ್ಮನಾಯಿತೆಂದರೆ, ನಮ್ಮಲ್ಲಿ ಬಹುಮಂದಿ ಕೈಕಟ್ಟಿ ನಿಲ್ಲುವುದರ ಹೊರತು ಬೇರೇನನ್ನೂ ಅರಿಯರು. ನಾವೂ ಆ ಗುಂಪಿಗೇ ಸೇರಿದವರಾಗಿದ್ದೆವು.

೨೦೨೦ನೆಯ ಇಸವಿ ಮಾರ್ಚಿ ೨೫ರಿಂದ ದೇಶದಲ್ಲೆಲ್ಲ ಜನಸಂಚಾರವು ನಿಂತುಹೋಗಿದ್ದುದು ವಾಚಕರ ನೆನಪಿನಲ್ಲಿರಬಹುದು. ನಾಲ್ಕು ವರ್ಷ ಹಳೆಯದಾದ ಬ್ಯಾಟರಿಯನ್ನು ಹೊಂದಿದ್ದ ನಮ್ಮ ಕಾರು ಐದು ವಾರಗಳ ಕಾಲ ಕದಲದೆ ನಿಂತಿತ್ತು. ಏಪ್ರಿಲ್ ತಿಂಗಳ ಕೊನೆಯ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ, ಮೂರು ವರ್ಷದ ನಮ್ಮ ಮೊಮ್ಮಗನಿಗೆ ಜ್ವರವೇರಿ ಮೈ ಸೆಟೆದುಕೊಂಡಿತು. ಮಗುವನ್ನೆತ್ತಿಕೊಂಡು ಓಡಿದೆವು. ಕಾರು ಹೊರಡಲಿಲ್ಲ. ಹತ್ತು ನಿಮಿಷ ಕೀಲಿಕೈಯನ್ನೇ ತಿರುಗಿಸುತ್ತ ಕುಳಿತೆವು. ಪ್ರತಿ ಸಲವೂ ಸದ್ದು ಇನ್ನಷ್ಟು ಕುಗ್ಗಿತು. ಸೊಸೆಯ ಅಳುವನ್ನು ಕೇಳಿ ಎದುರುಮನೆಯ ತರುಣರೊಬ್ಬರು ಎದ್ದುಬಂದರು. ಬಾಡಿಗೆಯ ಕಾರು ನಡೆಸಿ ಜೀವಿಸುವವರು ಅವರು. "ಮೇಷ್ಟ್ರೇ, ಬ್ಯಾಟರಿ ಡೌನ್ ಆಗಿದೆ. ಈಗ ಅದನ್ನು ಬಿಡಿ, ನನ್ನ ಗಾಡಿಗೆ ಹತ್ತಿ" ಎಂದು ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ದೈವಕೃಪೆಯಿಂದ ಮಗು ಚೇತರಿಸಿಕೊಂಡಿತು. ಆದರೆ ಆ ಹತ್ತು ನಿಮಿಷಗಳನ್ನು ನಾವು ಮರೆತಿಲ್ಲ. ಪ್ರಾಣಾಪಾಯದ ಸಮಯದಲ್ಲಿ ಕಾರಿನೊಡನೆ ಹೆಣಗುತ್ತ ಕೂಡದೆ ಮೊದಲು ೧೦೮ಕ್ಕೆ ಫೋನು ಮಾಡತಕ್ಕದ್ದೆಂಬುದೇ ಅಂದು ನಾವು ಕಲಿತ ಮೊದಲನೆಯ ಪಾಠ. ಎರಡನೆಯ ಪಾಠವನ್ನು ಅದೇ ತರುಣರು ಮರುದಿನ ಬೆಳಗ್ಗೆ ನಮಗೆ ಹೇಳಿಕೊಟ್ಟರು. ಅದನ್ನೇ, ಆಮೇಲೆ ಓದಿ ತಿಳಿದುಕೊಂಡುದರೊಡನೆ ಸೇರಿಸಿ, ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಈ ವಸ್ತುವಿನ ಸ್ವರೂಪವನ್ನು ನೋಡೋಣ. ಸೀಸ ಮತ್ತು ಗಂಧಕಾಮ್ಲಗಳಿಂದ ವಿದ್ಯುತ್ತನ್ನು ಕೂಡಿಡುವ ಉಪಾಯವನ್ನು ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ೧೮೫೯ರಲ್ಲಿ ಕಂಡುಹಿಡಿದನು. ಹಿಂದಿನ ಕಾಲದ ಕಾರುಗಳಿಗೆ ಮುಂಭಾಗದಿಂದ ಕಬ್ಬಿಣದ ಹ್ಯಾಂಡಲನ್ನು ತೂರಿಸಿ ಬಲವಾಗಿ ತಿರುಗಿಸಬೇಕಾಗಿತ್ತು. ಅದು ಹಿಂದಕ್ಕೆ ಒದೆದು ಕೈ ಮುರಿದುಕೊಂಡವರೂ ಉಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವನು ರಚಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟವು ಕ್ರಮೇಣ ತಪ್ಪಿತು. ಹ್ಯಾಂಡಲಿನ ಕೆಲಸವು ಬ್ಯಾಟರಿಯ ಪಾಲಿಗೆ ಬಂದಿತು.

ಸಾಮಾನ್ಯವಾದ ಕಾರಿನ ಬ್ಯಾಟರಿಯೊಳಗೆ ಆರು ಕೋಶಗಳಿವೆ. ಒಂದೊಂದು ಕೋಶವೂ ೨ ವೋಲ್ಟಿಗೆ ತುಸು ಹೆಚ್ಚಾದ ಒತ್ತಡವನ್ನು ಕೊಡುವುದರಿಂದ, ಪೂರ್ಣವಾಗಿ ತುಂಬಿದ ಬ್ಯಾಟರಿಯು ಸುಮಾರು ೧೨.೬ ವೋಲ್ಟನ್ನು ತೋರಿಸುತ್ತದೆ. ೧೨.೨ಕ್ಕೆ ಇಳಿದರೆ ಅರ್ಧ ಬರಿದಾಯಿತೆಂದೂ, ೧೨ಕ್ಕಿಂತ ಕೆಳಗಿಳಿದರೆ ಬಹುಮಟ್ಟಿಗೆ ಮುಗಿಯಿತೆಂದೂ ತಿಳಿಯಬೇಕು. ಎಂಜಿನನ್ನು ತಿರುಗಿಸುವಾಗ ಸ್ಟಾರ್ಟರು ನೂರು ಆಂಪಿಯರಿಗೂ ಮೀರಿದ ಪ್ರವಾಹವನ್ನು ಕೆಲವು ಕ್ಷಣ ಸೆಳೆಯುತ್ತದೆ. ಎಂಜಿನು ಓಡಲಾರಂಭಿಸಿದೊಡನೆ ಆಲ್ಟರ್ನೇಟರು ಸುಮಾರು ೧೪ ವೋಲ್ಟಿನ ಒತ್ತಡದಿಂದ ಆ ಸಾಲವನ್ನು ತೀರಿಸುತ್ತದೆ. ಬ್ಯಾಟರಿಯು ಬರಿದಾದಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟೆಂಬ ಲವಣವು ಕೂಡುತ್ತದೆ. ಬೇಗನೆ ಚಾರ್ಜು ಮಾಡಿದರೆ ಆ ಲವಣವು ಕರಗಿಹೋಗುವುದು. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಕಲ್ಲುಸಕ್ಕರೆಯಂತೆ ಹರಳುಗಟ್ಟಿ, ಮತ್ತೆ ಕರಗಲಾರದೆ ಬ್ಯಾಟರಿಯ ಆಯುಸ್ಸನ್ನೇ ಕಳೆಯುವುದು. ನಮ್ಮ ಕಾರಿಗೆ ಒದಗಿದ ಗತಿಯೂ ಇದೇ ಆಗಿತ್ತು.

ಕಾರು ಹೊರಡದಿದ್ದರೆ ದೋಷವೆಲ್ಲ ಬ್ಯಾಟರಿಯದೇ ಎಂದು ನಿರ್ಣಯಿಸಬಾರದು. ದೀಪಗಳು ಮಂಕಾಗಿದ್ದು ಸ್ಟಾರ್ಟರು 'ಟಿಕ್ ಟಿಕ್' ಎಂದರೆ ಬ್ಯಾಟರಿಯನ್ನು ಶಂಕಿಸಬಹುದು. ಎಂಜಿನು ಬಲವಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದೋಷವು ಬೇರೆಲ್ಲಿಯೋ ಇದೆ. ಕೆಲವೊಮ್ಮೆ ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ ಬಿಳಿಯ ಅಥವಾ ಹಸಿರುಬಣ್ಣದ ಕಿಲುಬು ಕಟ್ಟಿ, ಇಲ್ಲವೆ ತಂತಿಯ ಬಿಗಿ ಸಡಿಲಿ, ಪ್ರವಾಹಕ್ಕೆ ತಡೆಯಾಗಿರುತ್ತದೆ. ಹಾಗಿದ್ದಲ್ಲಿ ತಂತಿಗಳನ್ನು ಮುಂದೆ ಹೇಳುವ ಕ್ರಮದಲ್ಲಿ ಬಿಚ್ಚಿ, ಅಡಿಗೆಯ ಸೋಡಾವನ್ನು ಕದಡಿದ ನೀರಿನಿಂದ ಉಜ್ಜಿ ತೊಳೆದು, ಒರಸಿ ಒಣಗಿಸಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ಸವರಿದರೆ ಸಾಕು. ಸೋಡಾನೀರು ಬ್ಯಾಟರಿಯ ಒಳಕ್ಕೆ ಮಾತ್ರ ಹೋಗಕೂಡದು.

ಬ್ಯಾಟರಿಯು ಬರಿದಾದುದೇ ನಿಜವಾದರೆ, ಮತ್ತೊಂದು ಕಾರಿನ ಬ್ಯಾಟರಿಯಿಂದ ಜಂಪರ್ ಕೇಬಲ್ಲುಗಳ ಮೂಲಕ ಶಕ್ತಿಯನ್ನು ಎರವಲು ಪಡೆಯಬಹುದು. ಎರಡೂ ೧೨ ವೋಲ್ಟಿನವೇ ಆಗಿರಬೇಕು. ದೊಡ್ಡ ಲಾರಿಗಳಲ್ಲಿ ಸಾಧಾರಣವಾಗಿ ೨೪ ವೋಲ್ಟಿನ ವ್ಯವಸ್ಥೆ ಇರುವುದರಿಂದ ಅವುಗಳಿಂದ ಎರವಲು ಪಡೆಯುವುದು ಸಲ್ಲದು. ಬ್ಯಾಟರಿಯು ಬಿರಿದಿದ್ದರೆ, ಉಬ್ಬಿದ್ದರೆ, ಆಮ್ಲವು ಸೋರುತ್ತಿದ್ದರೆ ಅದನ್ನು ಮುಟ್ಟದೆ ಮೆಕ್ಯಾನಿಕ್ಕನ್ನು ಕರೆಯಿಸಬೇಕು. ಕೈಯ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು, ಕಣ್ಣಿಗೆ ಕನ್ನಡಕವಿರಬೇಕು, ಬೀಡಿ ಸಿಗರೇಟುಗಳ ಬೆಂಕಿ ಸಮೀಪದಲ್ಲಿರಬಾರದು. ಎರಡು ಕಾರುಗಳನ್ನೂ ಒಂದಕ್ಕೊಂದು ತಾಗದಂತೆ ಹತ್ತಿರ ನಿಲ್ಲಿಸಿ, ಎಂಜಿನುಗಳನ್ನು ಆರಿಸಿ, ಕೈಬ್ರೇಕನ್ನೆಳೆದು, ದೀಪ ರೇಡಿಯೋಗಳನ್ನೆಲ್ಲ ನಿಲ್ಲಿಸತಕ್ಕದ್ದು.

ಇನ್ನು ತಂತಿ ಜೋಡಿಸುವ ಕ್ರಮ. ಬ್ಯಾಟರಿಯ ಮೇಲೆ ಧನಧ್ರುವಕ್ಕೆ ಕೂಡುವ ಚಿಹ್ನೆಯೂ ಋಣಧ್ರುವಕ್ಕೆ ಕಳೆಯುವ ಚಿಹ್ನೆಯೂ ಇರುತ್ತವೆ. ಕೆಂಪು ಕೇಬಲ್ಲಿನ ಒಂದು ತುದಿಯನ್ನು ಬರಿದಾದ ಬ್ಯಾಟರಿಯ ಧನಕ್ಕೂ, ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಧನಕ್ಕೂ ಕಚ್ಚಿಸಬೇಕು. ಅನಂತರ ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣಕ್ಕೆ ಸೇರಿಸಬೇಕು. ಉಳಿದ ಕೊನೆಯ ತುದಿಯನ್ನು ನಾವು ಬರಿದಾದ ಬ್ಯಾಟರಿಯ ಋಣಕ್ಕೇ ಹಚ್ಚಲು ಹೋದೆವು. ತರುಣರು ಥಟ್ಟನೆ ನಮ್ಮ ಕೈಹಿಡಿದು, "ಅಲ್ಲಿ ಬೇಡ ಮೇಷ್ಟ್ರೇ, ಇಲ್ಲಿ" ಎಂದು ಬ್ಯಾಟರಿಯಿಂದ ದೂರದಲ್ಲಿ ಎಂಜಿನಿನ ಮೇಲಿದ್ದ, ಬಣ್ಣವಿಲ್ಲದ ಲೋಹದ ಭಾಗವೊಂದನ್ನು ತೋರಿಸಿದರು. ಅದರ ಕಾರಣವು ನಮಗೆ ಆಮೇಲೆ ತಿಳಿಯಿತು. ಬ್ಯಾಟರಿಯಿಂದ ಜಲಜನಕವೆಂಬ ಅನಿಲವು ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಅದು ಕಿಡಿಯಿಂದ ಹೊತ್ತಿಕೊಳ್ಳಬಲ್ಲುದು. ಕೊನೆಯ ತುದಿಯನ್ನು ತಾಗಿಸುವಾಗ ಕಿಡಿ ಹಾರುವುದು ಸಹಜ. ಆ ಕಿಡಿಯು ಬ್ಯಾಟರಿಯ ಮೇಲೆ ಹಾರಿದರೆ ಅದು ಸಿಡಿದು ಆಮ್ಲವು ಮುಖಕ್ಕೆ ಎರಚಬಹುದು.

ಹೀಗೆ ಜೋಡಿಸಿದ ಮೇಲೆ ಒಳ್ಳೆಯ ಕಾರಿನ ಎಂಜಿನನ್ನು ಹೊರಡಿಸಿ ಐದು ನಿಮಿಷ ಓಡಲು ಬಿಟ್ಟು, ಬಳಿಕ ಕೆಟ್ಟ ಕಾರಿನ ಕೀಲಿಕೈಯನ್ನು ತಿರುಗಿಸಬೇಕು. ಒಂದೇ ಸಮನೆ ತಿರುಗಿಸದೆ, ಸಲಕ್ಕೆ ಕೆಲವೇ ಕ್ಷಣ ಪ್ರಯತ್ನಿಸಿ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಬೇಕು. ಎಂಜಿನು ಹೊರಟೊಡನೆ ಕೇಬಲ್ಲುಗಳನ್ನು ಜೋಡಿಸಿದ ಕ್ರಮಕ್ಕೆ ತಿರುಗುಮುರುಗಾಗಿ, ಎಂದರೆ ಕೊನೆಯಲ್ಲಿ ಹಾಕಿದುದನ್ನು ಮೊದಲು, ತೆಗೆಯತಕ್ಕದ್ದು. ಕ್ಲಿಪ್ಪುಗಳು ಒಂದಕ್ಕೊಂದು ತಾಗದಂತೆ ಎಚ್ಚರವಿರಲಿ. ಆಮೇಲೆ ಎಂಜಿನನ್ನು ಆರಿಸದೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾರನ್ನು ಓಡಿಸಿ, ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಬೇಕು.

ಕಾರನ್ನು ತಳ್ಳಿ ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟು ಹೊರಡಿಸುವ ರೂಢಿಯೂ ನಮ್ಮಲ್ಲಿದೆ. ಇದು ಕೈಯಿಂದ ಗೇರು ಬದಲಿಸುವ ಕಾರುಗಳಿಗೆ ಮಾತ್ರ ಸಾಧ್ಯ. ಆಟೊಮ್ಯಾಟಿಕ್ ಕಾರುಗಳಿಗೆ ಸಲ್ಲದು. ಬ್ಯಾಟರಿಯು ತೀರ ಬರಿದಾಗಿದ್ದರೆ ಪೆಟ್ರೋಲ್ ಪಂಪಿಗೂ ವಿದ್ಯುತ್ತಿಲ್ಲದೆ ತಳ್ಳಿದ ಶ್ರಮವು ವ್ಯರ್ಥವಾಗುವುದು. ಎಂಜಿನು ಹೊರಡುವವರೆಗೆ ಬ್ರೇಕೂ ಸ್ಟೀರಿಂಗೂ ಗಡುಸಾಗಿರುತ್ತವೆಯಾದ್ದರಿಂದ ಇಳಿಜಾರಿನಲ್ಲಿ ಈ ಸಾಹಸವು ಅಪಾಯಕರವಾದುದು. ವಿದ್ಯುತ್ತಿನಿಂದಲೇ ಓಡುವ ಕಾರುಗಳಲ್ಲಿಯೂ ಹೈಬ್ರಿಡ್ ಕಾರುಗಳಲ್ಲಿಯೂ ಕಿತ್ತಳೆಬಣ್ಣದ ತಂತಿಗಳಿರುವ ಭಾಗವು ಪ್ರಾಣಾಂತಿಕವಾದ ಒತ್ತಡವುಳ್ಳದ್ದು. ಅದರ ತಂಟೆಗೆ ಯಾರೂ ಹೋಗಬಾರದು. ಅಂಥ ಕಾರುಗಳ ವಿಷಯದಲ್ಲಿ ಕೈಪಿಡಿಯ ಮಾತೇ ಪ್ರಮಾಣ.

ನಮ್ಮ ಬ್ಯಾಟರಿಯು ಎರಡು ದಿನಗಳಲ್ಲಿ ಮತ್ತೆ ಬರಿದಾಯಿತು. ಅದನ್ನು ಬದಲಾಯಿಸುವ ಕೆಲಸವನ್ನು ನಾವೇ ಮಾಡಿದೆವು. ಹೊಸದು ಅಳತೆಯಲ್ಲಿಯೂ, ಆಂಪಿಯರ್-ಗಂಟೆಯ ಲೆಕ್ಕದಲ್ಲಿಯೂ, ಧನಧ್ರುವವು ಎಡಕ್ಕೋ ಬಲಕ್ಕೋ ಎಂಬುದರಲ್ಲಿಯೂ ಹಳೆಯದಕ್ಕೆ ಸರಿಯಾಗಿರಬೇಕು. ನಿಂತಾಗ ತಾನಾಗಿ ಆರಿ ಮತ್ತೆ ತಾನಾಗಿ ಹೊರಡುವ ಎಂಜಿನಿನ ಕಾರುಗಳಿಗೆ ಅವಕ್ಕೆಂದೇ ಮಾಡಿದ ಬ್ಯಾಟರಿಯನ್ನು ಹಾಕಬೇಕು. ಎಂಜಿನನ್ನಾರಿಸಿ, ಮೊದಲು ಋಣದ ತಂತಿಯನ್ನೂ ಆಮೇಲೆ ಧನದ ತಂತಿಯನ್ನೂ ಬಿಚ್ಚತಕ್ಕದ್ದು. ಕಾರಿನ ಲೋಹದ ಮೈಯೆಲ್ಲವೂ ಋಣಕ್ಕೆ ಸೇರಿರುವುದರಿಂದ, ಧನವನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಮೈಗೆ ತಾಗಿದರೆ ಭಾರಿ ಪ್ರವಾಹವು ಹರಿದು ಸ್ಪ್ಯಾನರು ಕಾಯ್ದು ಕೈ ಸುಡುವುದು. ಹೊಸದನ್ನು ಕೂಡಿಸುವಾಗ ಇದಕ್ಕೆ ವಿಪರೀತವಾಗಿ ಧನವು ಮೊದಲು, ಋಣವು ಕೊನೆಗೆ. ಚಿಕ್ಕ ಕಾರಿನ ಬ್ಯಾಟರಿಯೂ ಸುಮಾರು ೧೦ ಕಿಲೋ ತೂಗುವುದರಿಂದ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಎತ್ತಬೇಕು, ಓರೆಯಾಗಿಸಬಾರದು. ಅಡಿಯ ಪಟ್ಟಿಯನ್ನು ಭದ್ರವಾಗಿ ಬಿಗಿಯಬೇಕು. ಗಡಿಯಾರ, ರೇಡಿಯೋಗಳನ್ನು ಮತ್ತೆ ಸರಿಹೊಂದಿಸಿಕೊಳ್ಳಬೇಕಾದೀತು. ಆಮ್ಲವೇನಾದರೂ ಮೈಗೆ ಸಿಡಿದರೆ ಕೂಡಲೆ ಧಾರಾಳವಾದ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕಾಲುಗಂಟೆಯವರೆಗೆ ತೊಳೆದು ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು.

ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕುವವರೂ, ಅದರ ಆಮ್ಲವನ್ನು ಚರಂಡಿಗೆ ಸುರಿಯುವವರೂ ಉಂಟು. ಸೀಸವು ವಿಷ, ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂದಿಸುವಂಥದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಒಪ್ಪಿಸಿದರೆ ಬೆಲೆಯಲ್ಲಿಯೂ ಸ್ವಲ್ಪ ಕಡಿಮೆಯಾಗುತ್ತದೆ. ೨೦೨೨ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳು, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಸೇರಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಕೊನೆಯದಾಗಿ ಪಾಲನೆಯ ಮಾತು. ನಮ್ಮ ದೇಶದ ಬಿಸಿಲು ಬ್ಯಾಟರಿಗೆ ಶತ್ರು. ಆದುದರಿಂದ ಕಾರನ್ನು ನೆರಳಿನಲ್ಲಿ ನಿಲ್ಲಿಸಬೇಕು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಬೇಕು. ತಿಂಗಳುಗಟ್ಟಲೆ ಪರಸ್ಥಳಕ್ಕೆ ಹೋಗುವವರು ಋಣದ ತಂತಿಯನ್ನು ಬಿಚ್ಚಿಟ್ಟು ಹೋಗುವುದು ಲೇಸು. ನೀರು ಹಾಕುವ ಮುಚ್ಚಳಗಳುಳ್ಳ ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನಲ್ಲದೆ ನಲ್ಲಿಯ ನೀರನ್ನು ಹಾಕಬಾರದು. ಮೂರು ವರ್ಷ ಕಳೆದ ಬ್ಯಾಟರಿಯನ್ನು ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂದು ನಾವು ಮಕ್ಕಳಿಗೆ ಮೂವತ್ತು ವರ್ಷ ಬೋಧಿಸಿದೆವು. ಅದನ್ನು ನಾವೇ ಕಲಿತುದು ಆ ರಾತ್ರಿ. ಈಗ ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಜೊತೆ ಕೇಬಲ್, ಒಂದು ಸ್ಪ್ಯಾನರು, ಒಂದು ಟಾರ್ಚು ಯಾವಾಗಲೂ ಇರುತ್ತವೆ. ತಂತಿ ಜೋಡಿಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಅಲ್ಲಿಯೇ ಅಂಟಿಸಿದ್ದೇವೆ. ಮಗನಿಗೂ ಸೊಸೆಗೂ ಹಗಲಿನಲ್ಲಿ, ಅವಸರವಿಲ್ಲದ ಹೊತ್ತಿನಲ್ಲಿ, ಒಮ್ಮೆ ಮಾಡಿ ತೋರಿಸಿದ್ದೇವೆ. ವಾಚಕರೂ ಒಂದು ಭಾನುವಾರ ಬೆಳಗ್ಗೆ ತಮ್ಮ ಮನೆಯವರನ್ನೆಲ್ಲ ಕಾರಿನ ಬಳಿಗೆ ಕರೆದು, ಬಾನೆಟ್ಟನ್ನು ತೆರೆದು, ಧನವೆಲ್ಲಿ ಋಣವೆಲ್ಲಿ ಎಂಬುದನ್ನಾದರೂ ತೋರಿಸಿಕೊಟ್ಟರೆ ಈ ಲೇಖನದ ಶ್ರಮವು ಸಾರ್ಥಕವಾದಂತೆಯೇ.