ಕೆರೆ ಬಯಲಾಗುವ ದಾರಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೊರಟವರು ಉಣಕಲ್ ಬಂದೊಡನೆ ಕೆರೆಯತ್ತ ಹೊರಳಿ ನೋಡುತ್ತಾರೆ. ಎಷ್ಟೋ ವರ್ಷ ಅವರಿಗೆ ಕಂಡದ್ದು ನೀರಲ್ಲ, ಹಸಿರು ಹಾಸು. ಅದರ ಮೇಲೆ ತಿಳಿನೇರಳೆ ಹೂ. ಊರಿಗೆ ಹೊಸಬರಾದವರು ಅದನ್ನು ಹುಲ್ಲುಬಯಲೆಂದು ತಿಳಿದಿದ್ದರೆ ತೀರ ತಪ್ಪೇನಲ್ಲ. ಒಂದು ಕಾಲಕ್ಕೆ ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ ಬಯಲಾಗುವ ದಾರಿ ಹಿಡಿದಿತ್ತು.

ಒಂದು ಜೀವಸಮುದಾಯ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತ ಹೋಗುವುದನ್ನು ಪರಿಸರ ವಿಜ್ಞಾನಿಗಳು 'ಅನುಕ್ರಮಣ' ಎನ್ನುತ್ತಾರೆ. ಕೆರೆಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಮೊದಲು ತೆರೆದ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ. ಆಮೇಲೆ ಮುಳುಗಿಯೇ ಬೆಳೆಯುವ ಗಿಡಗಳು. ಅವು ಕೊಳೆತು, ಮಳೆ ತಂದ ಮಣ್ಣೂ ಸೇರಿ ತಳ ಮೇಲೇರಿದಂತೆ ತಾವರೆ, ನೈದಿಲೆ. ಆಳ ಇನ್ನಷ್ಟು ತಗ್ಗಿದರೆ ಅಂಚಿನಿಂದ ಜೊಂಡು ನುಗ್ಗುತ್ತದೆ. ಜೊಂಡಿನ ಬುಡದಲ್ಲಿ ಹೂಳು ನಿಂತು ಹುಲ್ಲು ಹಬ್ಬಿ, ಎರೆಮಣ್ಣಿನ ನಮ್ಮ ಸೀಮೆಯಾದರೆ ಕೊನೆಗೆ ಕರಿಜಾಲಿಯೂ ಎದ್ದು ನಿಲ್ಲುತ್ತದೆ. ಇದರಲ್ಲೊಂದು ವಿಚಿತ್ರವಿದೆ. ತಾನು ಬಾಳಲಾರದಂಥ ನೆಲವನ್ನು ಜೊಂಡು ತಾನೇ ಸಿದ್ಧಮಾಡುತ್ತದೆ!

ಈ ಓಟಕ್ಕೆ ಗೊತ್ತಾದ ಒಂದೇ ಗುರಿಯಿದೆ ಎಂದು ಅಮೆರಿಕದ ಕ್ಲೆಮೆಂಟ್ಸ್ 1916ರಲ್ಲಿ ಬರೆದರು. ಹತ್ತು ವರ್ಷದ ಮೇಲೆ ಗ್ಲೀಸನ್ ಎಂಬವರು, ಯಾವ ಬೀಜ ಎಲ್ಲಿ ಬೀಳುತ್ತದೆಂಬ ಆಕಸ್ಮಿಕವೂ ಮುಖ್ಯವೆಂದು ವಾದಿಸಿದರು. ಉಣಕಲ್ ನೋಡಿದರೆ ಗ್ಲೀಸನ್ ಮಾತೇ ಸರಿಯೆನಿಸುತ್ತದೆ.

ಏಕೆಂದರೆ ಇಲ್ಲಿ ನಡುವೆ ನುಗ್ಗಿದ್ದು ದಕ್ಷಿಣ ಅಮೆರಿಕದ ಗಿಡ. ಜನ ಅದನ್ನು ಅಂತರಗಂಗೆ ಎನ್ನುತ್ತಾರೆ. (ಆ ಹೆಸರು ನಿಜಕ್ಕೂ ಬೇರೊಂದು ತೇಲುಗಿಡದ್ದು, ಬಂದವಳು ಹೆಸರನ್ನೂ ಕಸಿದುಕೊಂಡಳು.) ಬಡಾವಣೆಗಳ ಗಟಾರ ನೀರು ಅದಕ್ಕೆ ಗೊಬ್ಬರ. ಹದ ಸಿಕ್ಕರೆ ಎರಡು ವಾರದೊಳಗೆ ದುಪ್ಪಟ್ಟಾಗುತ್ತದೆ. ಹಾಸಿನ ಕೆಳಗೆ ಬೆಳಕಿಲ್ಲ. ಆಮ್ಲಜನಕ ತಗ್ಗಿ ಮೀನು ಉಸಿರುಗಟ್ಟುತ್ತವೆ. ತೆರೆದ ನೀರು ಬೇಕಾದ ಬಾತುಗಳು ಬೇರೆಡೆ ಹಾರುತ್ತವೆ. ಎಲೆಯ ಮೇಲೆ ನಡೆಯಬಲ್ಲ ಜಂಬುಕೋಳಿಗೆ ಮಾತ್ರ ಸುಗ್ಗಿ.

ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಹೊರದೇಶದಿಂದ ಸೊಂಡಿಲು ಹುಳು ತರಿಸಿ ಕೆರೆಗೆ ಬಿಟ್ಟು, ಈ ಕಳೆಯನ್ನು ಹತೋಟಿಗೆ ತಂದದ್ದುಂಟು. ಉಣಕಲ್ಲಿನಲ್ಲಿ ಯಂತ್ರವಿಳಿಸಿ ಕಳೆ ತೆಗೆದರೂ ಅದು ಮತ್ತೆ ಬಂತು. ಬರದೇನು? ಕೆಸರಿನಲ್ಲಿ ಬೀಜ ವರ್ಷಗಟ್ಟಲೆ ಬದುಕಿರುತ್ತದೆ, ಗಟಾರ ಹರಿಯುತ್ತಲೇ ಇರುತ್ತದೆ. ಕಿತ್ತದ್ದನ್ನು ದಂಡೆಯಲ್ಲೇ ಒಟ್ಟಿದರೆ ಕೊಳೆತ ಸಾರ ಮಳೆಗೆ ಕೆರೆಗೇ ಇಳಿಯುತ್ತದೆ.

ನಮ್ಮ ಹಿರಿಯರಿಗೆ ಅನುಕ್ರಮಣ ಎಂಬ ಶಬ್ದ ಗೊತ್ತಿರಲಿಲ್ಲ. ಆದರೆ ಬೇಸಿಗೆಯಲ್ಲಿ ಬತ್ತಿದ ಕೆರೆಗೆ ಚಕ್ಕಡಿ ಹೊಡೆದು ಹೂಳನ್ನು ಹೊಲಕ್ಕೆ ಸಾಗಿಸುತ್ತಿದ್ದರು. ಬೇಕಾದದ್ದು ಗೊಬ್ಬರ, ಜತೆಗೆ ಕೆರೆಯ ವಯಸ್ಸೂ ಇಳಿಯುತ್ತಿತ್ತು. ಈಗ ಕಳೆ ತೆಗೆದದ್ದು ಸುದ್ದಿಯಾಗುತ್ತದೆ, ತಳದಲ್ಲಿ ಎಷ್ಟು ಹೂಳಿದೆಯೆಂದು ಕೇಳುವವರು ಕಡಿಮೆ.

ಮುಂದಿನ ಸಲ ಹೋದಾಗ ಒಡ್ಡಿನ ಮೇಲೆ ನಿಂತು ಬಂದುಬಿಡಬೇಡಿ. ನೀರು ಕೆರೆಗೆ ಬಂದು ಸೇರುವ ಬದಿಗೆ ಹೋಗಿ. ಜೊಂಡು ಎಷ್ಟು ಮಾರು ಒಳಗೆ ಸರಿದಿದೆ ನೋಡಿ. ಎಮ್ಮೆ ಮೇಯುವ ಹುಲ್ಲಿನ ಜಾಗದಲ್ಲಿ ಎಷ್ಟು ವರ್ಷದ ಹಿಂದೆ ನೀರಿತ್ತೆಂದು ಕಾಯುವವರನ್ನು ಕೇಳಿ.